ಲಾಭ ಇದೆ, ಕ್ಯಾಶ್ ಇಲ್ಲ: ಮುಂದಿನ ವರ್ಷದ ಅಂದಾಜಿಗೆ ಯಾವುದನ್ನು ನಂಬಲಿ?

ಪ್ರಶ್ನೆ: ನಾನು ಷೇರು ಇಟ್ಟುಕೊಂಡಿರುವ ಕಂಪನಿ ಮೂರು ವರ್ಷದಿಂದ ಲಾಭ ತೋರಿಸುತ್ತಿದೆ. ಆದರೆ ವಾರ್ಷಿಕ ವರದಿಯ ಕ್ಯಾಶ್ ಫ್ಲೋ ಪುಟದಲ್ಲಿ ವ್ಯವಹಾರದಿಂದ ಬಂದ ಹಣ ಮೈನಸ್‌ನಲ್ಲಿದೆ. ಕಂಪನಿ ಮುಂದೆ ಹೇಗೆ ನಡೆದೀತು ಎಂದು ತಿಳಿಯಲು ಯಾವುದನ್ನು ನೋಡಬೇಕು?

ಉತ್ತರ: ಎರಡನ್ನೂ ಪಕ್ಕಪಕ್ಕ ಇಟ್ಟು, ನಡುವಿನ ಅಂತರ ನೋಡಿ.

ಸರಕು ಕಳಿಸಿ ಬಿಲ್ ಹಾಕಿದರೆ ಸಾಮಾನ್ಯವಾಗಿ ಅದು ಆಗಲೇ ಲಾಭದ ಲೆಕ್ಕಕ್ಕೆ ಸೇರುತ್ತದೆ, ದುಡ್ಡು ಆರು ತಿಂಗಳು ಬಿಟ್ಟು ಬಂದರೂ. ಬಾಕಿ ವಸೂಲಾಗದಿದ್ದರೆ ಈ ವರ್ಷದ ಲಾಭ ಮುಂದೊಂದು ವರ್ಷದ ನಷ್ಟವಾಗುತ್ತದೆ. ಅಕೌಂಟಿಂಗ್ ಪ್ರಾಧ್ಯಾಪಕ ರಿಚರ್ಡ್ ಸ್ಲೋನ್ 1996ರಲ್ಲಿ ಅಮೆರಿಕದ ಕಂಪನಿಗಳ ದಶಕಗಳ ಲೆಕ್ಕ ಜಾಲಾಡಿ ತೋರಿಸಿದ್ದು ಇದನ್ನೇ: ಲಾಭದಲ್ಲಿ ಕೈಗೆ ಬಂದ ಹಣದ ಪಾಲು ಮುಂದಿನ ವರ್ಷಕ್ಕೂ ಉಳಿಯುವುದು ಹೆಚ್ಚು, ಬರಬೇಕಿರುವ ಪಾಲು ಬೇಗ ಕರಗುತ್ತದೆ. ಷೇರುಪೇಟೆ ಈ ವ್ಯತ್ಯಾಸವನ್ನು ಸರಿಯಾಗಿ ಗಮನಿಸಿರಲಿಲ್ಲ ಎಂಬುದು ಅವರ ಇನ್ನೊಂದು ಮಾತು.

ಡಬ್ಲ್ಯು.ಟಿ. ಗ್ರಾಂಟ್ ಎಂಬ ಅಮೆರಿಕದ ಅಂಗಡಿ ಸರಪಳಿಯ ಕಥೆ ನೋಡಿ. ಸಾಲದ ಮೇಲೆ ಮಾರಿ ಮಾರಿ ಗಿರಾಕಿಗಳ ಬಾಕಿ ಬೆಳೆಯಿತು, ದಾಸ್ತಾನೂ ಬೆಳೆಯಿತು. 1973ರಲ್ಲೂ ಲಾಭ ಇತ್ತು, ಡಿವಿಡೆಂಡ್ ಇತ್ತು. ವ್ಯವಹಾರ ಮಾತ್ರ ಅದಕ್ಕೂ ಎಷ್ಟೋ ವರ್ಷ ಮೊದಲಿಂದಲೇ ಹಣ ತರುವ ಬದಲು ನುಂಗುತ್ತಿತ್ತು. 1975ರಲ್ಲಿ ದಿವಾಳಿ.

ಹಾಗೆಂದು ಒಂದು ವರ್ಷದ ಮೈನಸ್ ಕಂಡು ಷೇರು ಮಾರಬೇಡಿ. ವೇಗವಾಗಿ ಬೆಳೆಯುವ ಕಂಪನಿಗೆ ಸರಕು, ಉದ್ರಿ ಎರಡಕ್ಕೂ ಮೊದಲೇ ಹಣ ಬೇಕು. ಮುಂದಿನ ಕ್ಯಾಶ್ ಎಷ್ಟು ಬಂದೀತು ಎಂದು ಹೇಳಲು ಈ ವರ್ಷದ ಕ್ಯಾಶ್‌ಗಿಂತ ಈ ವರ್ಷದ ಲಾಭವೇ ಮೇಲು ಎಂದು 1998ರಲ್ಲಿ ಡೆಚೋ, ಕೊಠಾರಿ, ವಾಟ್ಸ್ ಎಂಬ ಅಕೌಂಟಿಂಗ್ ಸಂಶೋಧಕರು ಕಂಡುಕೊಂಡರು. ಆದ್ದರಿಂದ ಐದು ವರ್ಷದ ಲಾಭ ಕೂಡಿ, ಅದೇ ಐದು ವರ್ಷದ ವ್ಯವಹಾರದ ಕ್ಯಾಶ್ ಕೂಡಿ, ಹೋಲಿಸಿ. ಅಂತರ ದೊಡ್ಡದಿದ್ದರೆ ಬಾಕಿ ಮತ್ತು ದಾಸ್ತಾನು ಮಾರಾಟಕ್ಕಿಂತ ಜೋರಾಗಿ ಬೆಳೆಯುತ್ತಿವೆಯೇ ನೋಡಿ. ನಿಮ್ಮ ಕಂಪನಿಯಲ್ಲಿ ಮೂರು ವರ್ಷವೂ ಹೀಗೆ ಆಗಿದ್ದರೆ ನಾನಂತೂ ಅದರ ಲಾಭದ ಅಂದಾಜನ್ನು ತಗ್ಗಿಸಿಯೇ ಇಟ್ಟುಕೊಳ್ಳುತ್ತೇನೆ.

ಹಳೆಯ ವರ್ಷಗಳ ಜೊತೆ ಹೋಲಿಸುವಾಗ ಒಂದು ಎಚ್ಚರ. 2019ರ ಏಪ್ರಿಲ್‌ನಿಂದ ಇಂಡ್ ಎಎಸ್ 116 ಎಂಬ ಲೆಕ್ಕಪತ್ರ ನಿಯಮ ಬಂದ ಮೇಲೆ ದೀರ್ಘಾವಧಿ ಬಾಡಿಗೆಯ ಬಹುಪಾಲು ವ್ಯವಹಾರದ ಖರ್ಚಿನ ಬದಲು ಸಾಲ ತೀರಿಸಿದ ಲೆಕ್ಕಕ್ಕೆ ಹೋಗುತ್ತದೆ. ಮಳಿಗೆಗಳನ್ನು ಬಾಡಿಗೆಗೆ ಹಿಡಿದ ಕಂಪನಿಯ ವ್ಯವಹಾರದ ಕ್ಯಾಶ್ ಏನೂ ಮಾಡದೆ ಚೆಂದ ಕಾಣುತ್ತದೆ. ಆ ಬಾಡಿಗೆಯನ್ನು ನೀವೇ ಕಳೆಯಿರಿ.

ಇನ್ನು ಬ್ಯಾಂಕಿನಲ್ಲಿದೆ ಎಂದು ತೋರಿಸುವ ಹಣವೇ ಸುಳ್ಳಾಗಿದ್ದರೆ ಈ ಹೋಲಿಕೆ ಕೆಲಸಕ್ಕೆ ಬಾರದು. 2009ರ ಜನವರಿಯಲ್ಲಿ ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಒಪ್ಪಿಕೊಂಡಂತೆ, ಲೆಕ್ಕದಲ್ಲಿದ್ದ 5,040 ಕೋಟಿ ರೂಪಾಯಿ ನಗದು ಇರಲೇ ಇಲ್ಲ. ಬ್ಯಾಂಕ್, ಫೈನಾನ್ಸ್ ಕಂಪನಿಗಳಿಗೂ ಈ ಹೋಲಿಕೆ ಹೊಂದುವುದಿಲ್ಲ: ಸಾಲ ಕೊಡುವುದೇ ಅವುಗಳ ವ್ಯಾಪಾರ, ಕೊಟ್ಟ ಸಾಲ ಹೆಚ್ಚಿದ ವರ್ಷ ಕ್ಯಾಶ್ ಮೈನಸ್‌ಗೆ ಇಳಿಯುವುದು ಸಹಜ.