ಕ್ರೂಸಿಂಗ್ ಚೂಟ್ ಕೊಳ್ಳೋರು ಮೊದಲು ಲಫ್ ಅಳೀರಿ, ಏರಿಯಾ ಆಮೇಲೆ

ಹಾಯಿ ಹೊಲಿಯೋ ಲಾಫ್ಟ್‌ಗೆ ಬರೋ ಫೋನ್‌ಗಳಲ್ಲಿ ಸುಮಾರು ಎಲ್ಲಾ ಒಂದೇ ಪ್ರಶ್ನೆ, "ನಮ್ದು 34 ಅಡಿ ಯಾಟ್, ಎಷ್ಟು ಸ್ಕ್ವೇರ್ ಮೀಟರ್ ಚೂಟ್ ತಗೋಬೇಕು?" ಅಂತ. ಬೋಟ್ ಉದ್ದ ನೋಡಿ ಇದಕ್ಕೆ ಉತ್ತರ ಹೇಳೋಕಾಗಲ್ಲ. ಒಂದೇ ಉದ್ದದ ಎರಡು ಬೋಟ್‌ಗಳ ಮಾಸ್ಟ್ (ಹಾಯಿಕಂಬ) ಎತ್ತರದಲ್ಲಿ ಎರಡು ಮೀಟರ್ ವ್ಯತ್ಯಾಸ ಇರಬಹುದು. ಅದಕ್ಕೇ ನಾನು ವಾಪಸ್ ಕೇಳೋದು, ಹ್ಯಾಲ್ಯಾರ್ಡ್ (ಹಾಯಿನ ಮೇಲೆಳೆಯೋ ಹಗ್ಗ) ಮಾಸ್ಟ್‌ನಲ್ಲಿ ಎಲ್ಲಿಂದ ಹೊರಗೆ ಬರುತ್ತೆ, ಟ್ಯಾಕ್ (ಹಾಯಿಯ ಕೆಳಗಿನ ಮುಂದಿನ ಮೂಲೆ) ಎಲ್ಲಿ ಕಟ್ತೀರ, ಬೋಟಲ್ಲಿ ಸಾಮಾನ್ಯವಾಗಿ ಎಷ್ಟು ಜನ ಇರ್ತೀರ.

ಹೊಸಬರಿಗೆ ಒಂದ್ಮಾತು: ಗಾಳಿ ಪಕ್ಕದಿಂದ ಅಥವಾ ಹಿಂದಿನಿಂದ ಬರುವಾಗ ಮುಂದೆ ಉಬ್ಬಿಸಿ ಹಾಕೋ ತೆಳು ನೈಲಾನ್ ಹಾಯಿನೇ ಈ ಚೂಟ್, ಸ್ಪಿನೇಕರ್ ಥರಾನೇ, ಆದ್ರೆ ಅದನ್ನ ಹೊರಗೆ ಚಾಚಿ ಹಿಡಿಯೋ ಪೋಲ್ ಬೇಡ.

ಹಾಯಿಯ ಮುಂದಿನ ಅಂಚು, ಅಂದ್ರೆ ಲಫ್, ಅದನ್ನ ಮೊದಲು ತೀರ್ಮಾನ ಮಾಡಿ. ಟೇಪ್‌ನ ತುದಿನ ಹ್ಯಾಲ್ಯಾರ್ಡ್‌ಗೆ ಕಟ್ಟಿ ಮೇಲೆ ತುದಿವರೆಗೂ ಎಳೀರಿ, ಕೆಳಗೆ ಟ್ಯಾಕ್ ಕಟ್ಟೋ ಜಾಗದ ತನಕ ಅಳೀರಿ. ಮಾಸ್ಟ್ ಮೇಲಿನ ಬ್ಲಾಕ್ (ರಾಟೆ) ಡೆಕ್‌ನಿಂದ 13 ಮೀಟರ್, ಟ್ಯಾಕ್ ಮಾಸ್ಟ್‌ಗಿಂತ 4.3 ಮೀಟರ್ ಮುಂದೆ ಇದೆ ಅಂದ್ಕೊಳ್ಳಿ, ಆಗ ಸಿಗೋದು ಸುಮಾರು 13.7 ಮೀಟರ್. ಅಷ್ಟೂ ಉದ್ದ ಹಾಯಿಗೆ ಸಿಗಲ್ಲ. ಸ್ನಫರ್, ಅಂದ್ರೆ ಹಾಯಿ ಮೇಲೆ ಎಳೆದು ಅದನ್ನ ಮುಚ್ಚೋ ಉದ್ದ ಚೀಲ, ಇದ್ರೆ ಅದು ಮುದುರಿಕೊಂಡು ಮೇಲೆ ಕೂರೋಕೆ ಅರ್ಧ ಮೀಟರ್ ಹತ್ತಿರ ಬೇಕು, ಕೆಳಗೆ ಪುಲ್‌ಪಿಟ್‌ಗೆ (ಬೋಟ್ ಮೂತಿಯ ಕಂಬಿ ಕಟಕಟೆ) ತಾಗದ ಹಾಗೆ ಟ್ಯಾಕ್ ಒಂದಷ್ಟು ಮೇಲೆ ಇರ್ಬೇಕು, ಅದಕ್ಕೆ 60 ಸೆಂಟಿಮೀಟರ್ ಬಿಡಿ. ಉಳಿದಿದ್ದು 12.6. ಗಾಳಿ ತುಂಬಿದಾಗ ಲಫ್ ಮುಂದಕ್ಕೆ ಬಾಗುತ್ತಲ್ಲ ಅಂತ ಇದಕ್ಕಿಂತ ಉದ್ದ ಹೊಲಿಸೋರಿದ್ದಾರೆ, ರೇಸ್ ಬೋಟ್‌ಗೆ ಸರಿ, ಗಂಡ ಹೆಂಡ್ತಿ ಇಬ್ಬರೇ ಓಡಿಸೋ ಬೋಟ್‌ಗೆ ನಾನಂತೂ ಹೊಲಿದು ಕೊಡಲ್ಲ. ಲಫ್ 40 ಸೆಂಟಿಮೀಟರ್ ಗಿಡ್ಡ ಆದ್ರೆ ಟ್ಯಾಕ್ ಲೈನ್ (ಟ್ಯಾಕ್ ಕಟ್ಟೋ ಹಗ್ಗ) ಸ್ವಲ್ಪ ಬಿಟ್ಟರೆ ಆಯ್ತು, ಹಾಯಿ ಒಂಚೂರು ಮೇಲೆ ಹಾರುತ್ತೆ ಅಷ್ಟೆ. ಅದೇ 40 ಸೆಂಟಿಮೀಟರ್ ಜಾಸ್ತಿ ಆದ್ರೆ ಮೇಲೆ ಎಳೆಯೋಕೆ ಜಾಗನೇ ಇರಲ್ಲ, ಕೆಳಗಿನ ಅಂಚು ಪುಲ್‌ಪಿಟ್‌ಗೆ ಉಜ್ಜಿ ಹರಿಯುತ್ತೆ, ಆಮೇಲೆ ಕತ್ತರಿಸಿ ಹೊಲಿಸದೇ ಬೇರೆ ದಾರಿ ಇಲ್ಲ.

ಲಫ್ ಆದ್ಮೇಲೆ ಅಗಲ. ಏರಿಯಾ ಲೆಕ್ಕ ಹೀಗೆ: ಲಫ್ ಮತ್ತು ಲೀಚ್ (ಹಿಂದಿನ ಅಂಚು) ಕೂಡಿಸಿ ಅರ್ಧ ಮಾಡಿ, ಮಧ್ಯದ ಅಗಲದ ನಾಲ್ಕು ಪಟ್ಟಿಗೆ ಫುಟ್ (ಕೆಳಗಿನ ಅಂಚು) ಸೇರಿಸಿ ಐದರಿಂದ ಭಾಗಿಸಿ, ಎರಡನ್ನೂ ಗುಣಿಸಿ, ಮತ್ತೆ 0.83ರಿಂದ ಗುಣಿಸಿ. ಲಫ್ 12.6, ಲೀಚ್ 11.6, ಫುಟ್ 7, ಮಧ್ಯದ ಅಗಲ 6.3 ಹಾಕಿದ್ರೆ ಹತ್ತಿರ ಹತ್ತಿರ 65 ಸ್ಕ್ವೇರ್ ಮೀಟರ್. ಈ ಲೆಕ್ಕದಲ್ಲಿ ಮಧ್ಯದ ಅಗಲಕ್ಕೆ ಎಷ್ಟು ತೂಕ ಇದೆ ನೋಡಿ. ಅದು ಫುಟ್‌ನ ಶೇ. 85ರ ಆಸುಪಾಸಲ್ಲಿದ್ರೆ ಹಾಯಿ ಚಪ್ಪಟೆ, ಗಾಳಿ ಪಕ್ಕದಿಂದ ಬರುವಾಗ ಚೆನ್ನಾಗಿ ಎಳೆಯುತ್ತೆ, ಶೇ. 95ರ ಹತ್ತಿರ ಹೋದ್ರೆ ಭುಜ, ಅಂದ್ರೆ ಮೇಲ್ಭಾಗದ ಅಗಲ, ದೊಡ್ಡದಾಗಿ ಹಿಂದಿನ ಗಾಳಿಗೆ ಹೊಂದುತ್ತೆ. ಅಂದ್ರೆ ನೀವು ಎಲ್ಲಿ ಸೇಲ್ ಮಾಡ್ತೀರ ಅನ್ನೋದ್ರ ಮೇಲೆ ಹೋಗುತ್ತೆ. ಇಂಗ್ಲೆಂಡಿನ ಸೋಲೆಂಟ್ ಜಲಸಂಧಿಯಲ್ಲಿ ಗಾಳಿ ಹೆಚ್ಚಾಗಿ ನೈರುತ್ಯದಿಂದ, ಪಶ್ಚಿಮ ತುದಿಯ ನೀಡಲ್ಸ್ ಬಂಡೆಗಳ ಕಡೆಯಿಂದ ಕೌಸ್ ಊರಿಗೆ ಬರೋರಿಗೆ ಅದು ಬೆನ್ನಿಗೇ ಸಿಗುತ್ತೆ, ಭುಜ ಇರೋ ಹಾಯಿ ಬೇಕು ಅನ್ಸುತ್ತೆ. ಆದ್ರೆ ಪೂರ್ತಿ ಹಿಂದಿನ ಗಾಳಿಯಲ್ಲಿ ಮೇನ್‌ಸೈಲ್ (ಮುಖ್ಯ ಹಾಯಿ) ನೆರಳಿಗೆ ಬಿದ್ದು ಎಂಥ ಚೂಟ್ ಆದ್ರೂ ಸೊರಗುತ್ತೆ, ಒಂದಿಪ್ಪತ್ತು ಮೂವತ್ತು ಡಿಗ್ರಿ ಓರೆಯಾಗಿ ಹೋಗ್ಲೇಬೇಕು, ಹಾಗಾಗಿ ನಾನು ಸಾಮಾನ್ಯವಾಗಿ ನಡುವಿನದು, ಶೇ. 90ರದ್ದು ಹೇಳ್ತೀನಿ.

ಇನ್ನು ನಿಜವಾಗ್ಲೂ ಗಮನ ಕೊಡಬೇಕಾದ ವಿಷಯ, ಗಾಳಿಯ ಒತ್ತಡ. 15 ನಾಟ್ ಗಾಳಿಯನ್ನ ಬೆನ್ನಿಗೆ ಹಾಕ್ಕೊಂಡು 6 ನಾಟ್‌ನಲ್ಲಿ ಹೋಗ್ತಿದ್ದೀರ, ಬೋಟ್ ಮೇಲೆ ಅನಿಸೋದು ಬರೀ 9 ನಾಟ್, ಹಾಯಾಗಿರುತ್ತೆ, ಟೀ ಕುಡಿತಾ ಕೂತಿರ್ತೀರ. ಎದುರಿಗೆ ಫೆರ್ರಿ ಬಂತು ಅಂತ ತಿರುಗಿಸಿದ್ರಿ, ಗಾಳಿ ಪಕ್ಕಕ್ಕೆ ಬಂತು, ಅದೇ ಗಾಳಿ ಈಗ 16 ನಾಟ್. ಒತ್ತಡ ವೇಗದ ವರ್ಗದ ಲೆಕ್ಕದಲ್ಲಿ ಏರೋದ್ರಿಂದ ಮೂರು ಪಟ್ಟು ದಾಟುತ್ತೆ. 65 ಸ್ಕ್ವೇರ್ ಮೀಟರ್ ಹಾಯಿ ಮೇಲೆ ಸುಮಾರು 90 ಕೆಜಿ ಇದ್ದ ಎಳೆತ ಹತ್ತಿರ ಹತ್ತಿರ 280 ಕೆಜಿ ಆಗುತ್ತೆ, ಬೋಟ್ ವಾಲಿ ರಡ್ಡರ್ (ಚುಕ್ಕಾಣಿ) ಹಿಡಿತ ತಪ್ಪುತ್ತೆ. ಆ ಗಳಿಗೆಯಲ್ಲಿ ಫೋರ್‌ಡೆಕ್‌ಗೆ ಹೋಗಿ ಸ್ನಫರ್ ಎಳೆಯೋಕೆ ನಿಮ್ಮ ಹತ್ರ ಎಷ್ಟು ಜನ ಇದ್ದಾರೆ? ಒಬ್ಬರೇ ಅಂದ್ರೆ ದಯವಿಟ್ಟು ಅಗಲದಲ್ಲಿ ಇಳೀರಿ, ಇದೇ ಬೋಟ್‌ಗೆ 58, 60 ಸ್ಕ್ವೇರ್ ಮೀಟರ್ ಸಾಕು. ಹಗುರ ಗಾಳಿಯಲ್ಲಿ ಸ್ವಲ್ಪ ನಿಧಾನ ಆಗಬಹುದು, ಪರವಾಗಿಲ್ಲ, ದೊಡ್ಡ ಹಾಯಿ ಹೆದರಿಕೆಯಿಂದ ಚೀಲದಲ್ಲೇ ಉಳಿಯೋದಕ್ಕಿಂತ ಸಣ್ಣದು ಪ್ರತಿ ವಾರ ಮೇಲೇರೋದು ಎಷ್ಟೋ ವಾಸಿ.

ಸೆಕೆಂಡ್ ಹ್ಯಾಂಡ್ ನೋಡೋರು ಮಾರೋರು ಹೇಳೋ ಏರಿಯಾ ನಂಬ್ಬೇಡಿ, ನೆಲದ ಮೇಲೆ ಹಾಸಿ ಅಂಚಿನುದ್ದಕ್ಕೂ ನೀವೇ ಅಳೀರಿ, ಹಳೇ ನೈಲಾನ್ ಹಿಗ್ಗಿರುತ್ತೆ. ಹ್ಯಾಲ್ಯಾರ್ಡ್ ಫೋರ್‌ಸ್ಟೇಗಿಂತ (ಮಾಸ್ಟ್‌ನಿಂದ ಮೂತಿಗೆ ಬಿಗಿದ ತಂತಿ) ಮುಂದೆ, ಮೇಲೆ ತಿರುಗೋ ಬ್ಲಾಕ್‌ನಿಂದ ಬರ್ತಿದ್ಯಾ ನೋಡಿ, ಜಿನೋವಾ (ಮಾಮೂಲಿ ಮುಂದಿನ ಹಾಯಿ) ಹ್ಯಾಲ್ಯಾರ್ಡ್‌ಗೇ ಚೂಟ್ ಸಿಕ್ಕಿಸಿದ್ರೆ ಹಗ್ಗ ಫೋರ್‌ಸ್ಟೇಗೆ ಉಜ್ಜಿ ಸವೆಯುತ್ತೆ. ಆರ್ಡರ್ ಕೊಡುವಾಗ ಲಾಫ್ಟ್‌ಗೆ ಟೇಪಿನ ಅಳತೆ ಜೊತೆಗೆ ಮಾಸ್ಟ್ ತುದಿದೊಂದು, ಆಂಕರ್ ಸಮೇತ ಬೋಟ್ ಮೂತಿದೊಂದು ಫೋಟೋ ಕಳ್ಸಿ.