ಗೆರೆಗೆ ತೂಕ ಎಲ್ಲಿಂದ ಬಂತು?

ಅನಿಮೇಷನ್ ಕಲಿಯಲು ಬಂದವರಿಗೆ ಮೊದಲ ವಾರ ಎಲ್ಲ ಕಡೆಯೂ ಒಂದೇ ಪಾಠ: ಚೆಂಡು ಪುಟಿಸುವುದು. ನಾನು ಸೌಂಡ್ ವಿಭಾಗದವನು. ನನ್ನ ತರಗತಿ ಬರುವುದು ಅದಾದ ಮೇಲೆ. ಅವರು ಮಾಡಿಟ್ಟ ಚೆಂಡನ್ನೇ ಮೂರು ಸಲ ಓಡಿಸಿ ತೋರಿಸುತ್ತೇನೆ. ಮೊದಲ ಸಲ ನೆಲ ಮುಟ್ಟಿದಾಗ ಟೇಬಲ್ ಟೆನಿಸ್ ಚೆಂಡಿನ ‘ಟಕ್’. ಎರಡನೇ ಸಲ ಕಬ್ಬಿಣದ ಗುಂಡಿನ ‘ಧಡ್’. ಮೂರನೇ ಸಲ ನೀರು ತುಂಬಿದ ಬಲೂನಿನ ‘ಪಚಕ್’. ಯಾವುದರ ಅನಿಮೇಷನ್ ಚೆನ್ನಾಗಿದೆ ಎಂದು ಕೇಳಿದರೆ ಒಬ್ಬರಾದರೂ ‘ಎರಡನೆಯದು ಸ್ವಲ್ಪ ಸ್ಲೋ ಆಯ್ತು ಸಾರ್’ ಅನ್ನುತ್ತಾರೆ. ಮೂರೂ ಒಂದೇ ಫೈಲ್ ಕಣ್ರಪ್ಪಾ ಅಂದರೆ ನಂಬುವುದಿಲ್ಲ. ಎದ್ದು ಬಂದು ಟೈಮ್‌ಲೈನ್ ನೋಡಿ ಹೋಗುತ್ತಾರೆ.

ಸಿನಿಮಾ ಶೂಟಿಂಗಿನಲ್ಲಿ ಏನಿಲ್ಲವೆಂದರೂ ಫ್ಯಾನು, ಕಾಗೆ, ದೂರದ ಬಸ್ಸು ಮೈಕಿಗೆ ಸಿಕ್ಕಿರುತ್ತವೆ. ಬರೆದ ಚಿತ್ರದಲ್ಲಿ ಅದೂ ಇಲ್ಲ. ನನ್ನ ಟೇಬಲ್ಲಿಗೆ ಬಂದಾಗ ಅದು ಪೂರ್ತಿ ಮೂಕ. ಉಸಿರು, ಬಟ್ಟೆಯ ಸರಬರ, ಕೋಣೆಯ ಗುಂಯ್, ಎಲ್ಲವನ್ನೂ ಯಾರಾದರೂ ಕೂತು ಹಾಕಬೇಕು. ಹಾಗೆ ಹಾಕಿದ ಸದ್ದು ಚಿತ್ರ ಬರೆಯುವ ಕೈಯನ್ನೇ ಬದಲಿಸಿದೆ ಎನ್ನುವುದು ನನ್ನ ವಾದ. ಅನಿಮೇಷನ್ ಚರಿತ್ರೆಯನ್ನು ಶೈಲಿಗಳ ಚರಿತ್ರೆಯಾಗಿ ಬರೆಯುವವರು ಬಹಳ ಜನ. ನನಗೆ ಅದು ಕಿವಿಯಿಂದ ಕೈಗೆ ಹೋದ ದಾರಿಯ ಹಾಗೆ ಕಾಣುತ್ತದೆ.

ಸದ್ದು ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು? ಸದ್ದನ್ನೂ ಬರೆಯುತ್ತಿದ್ದರು. 1908ರಲ್ಲಿ ಪ್ಯಾರಿಸ್ಸಿನ ಎಮಿಲ್ ಕೋಲ್ 700ರಷ್ಟು ಚಿತ್ರ ಬರೆದು, ನೆಗೆಟಿವ್ ಆಗಿ ಪ್ರಿಂಟ್ ಹಾಕಿಸಿ, ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದ ಗೆರೆ ತಾನೇ ಓಡಾಡುವಂತೆ ಮಾಡಿದ. ಅದರಲ್ಲಿ ಒಂದು ಆಕಾರ ಇನ್ನೊಂದಾಗುತ್ತಲೇ ಇರುತ್ತದೆ, ಯಾವುದಕ್ಕೂ ಭಾರವಿಲ್ಲ, ಕನಸಿನಲ್ಲಿ ಬಿದ್ದ ಹಾಗೆ. 1914ರಲ್ಲಿ ಅಮೆರಿಕದ ವಿನ್ಸರ್ ಮೆಕೇ ತನ್ನ ಡೈನೋಸಾರ್ ಗರ್ಟಿಯನ್ನು ತೆರೆಯ ಮೇಲೆ ಬಿಟ್ಟು, ತಾನು ಪಕ್ಕದಲ್ಲಿ ಚಾಟಿ ಹಿಡಿದು ನಿಂತು ಗದರುತ್ತಿದ್ದ. ಗದರಿದರೆ ಅದು ಅಳುತ್ತಿತ್ತು. ಮಾತು ಅವನದು, ಚಲನೆ ಅದರದು. ಆಮೇಲೆ ಬಂದ ಫೆಲಿಕ್ಸ್ ಬೆಕ್ಕಿನ ತಲೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆ ಮೂಡಿದರೆ ಅದನ್ನೇ ಕಿತ್ತು ಕೊಕ್ಕೆ ಮಾಡಿಕೊಳ್ಳುತ್ತಿತ್ತು. ಹಾಡಿದರೆ ಸ್ವರದ ಗುರುತುಗಳು ಗಾಳಿಯಲ್ಲಿ ಹಾರುತ್ತಿದ್ದವು. ಕಿವಿಯ ಕೆಲಸವೂ ಕಣ್ಣಿನ ಪಾಲಿಗೇ ಬಿದ್ದಿದ್ದರಿಂದ ಆ ಶೈಲಿಯೇ ಅರ್ಧ ಚಿತ್ರ, ಅರ್ಧ ಲಿಪಿ.

1928ಕ್ಕೆ ಬರುವಾಗ ನಾನು ಸ್ವಲ್ಪ ನಿಧಾನಿಸುತ್ತೇನೆ. ಡಿಸ್ನಿಯ ಮಿಕ್ಕಿ ಮೌಸ್ ಚಿತ್ರ ‘ಸ್ಟೀಮ್‌ಬೋಟ್ ವಿಲ್ಲಿ’ಯೇ ಮೊದಲ ಸೌಂಡ್ ಕಾರ್ಟೂನ್ ಎಂದು ಬರೆಯುತ್ತಾರಲ್ಲ, ಅದು ತಪ್ಪು. ಫ್ಲೈಷರ್ ಸೋದರರು ಅದಕ್ಕೂ ಮುಂಚೆಯೇ ತೆರೆಯ ಮೇಲಿನ ಹಾಡಿನ ಸಾಲಿನ ಮೇಲೆ ಚೆಂಡು ಪುಟಿಯುವ ಕಾರ್ಟೂನುಗಳಿಗೆ ಧ್ವನಿ ಕೂಡಿಸಿದ್ದರು. ಡಿಸ್ನಿಯ ತಂಡ ಮಾಡಿದ್ದು ಬೇರೆ. ಮಾತಿನ ಚಿತ್ರ ಬಂದ ಮೇಲೆ ಫಿಲ್ಮಿನ ವೇಗ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ, ಎಂದು ಗಟ್ಟಿಯಾಯಿತು. ವೇಗ ಗಟ್ಟಿಯಾದರೆ ತಾಳವನ್ನು ಲೆಕ್ಕ ಹಾಕಬಹುದು. ವಿಲ್‌ಫ್ರೆಡ್ ಜಾಕ್ಸನ್ ಎಂಬ ಹುಡುಗ ಅಲ್ಲಿ ಕೆಲಸಕ್ಕಿದ್ದ. ಅವನ ತಾಯಿ ಸಂಗೀತ ಹೇಳಿಕೊಡುತ್ತಿದ್ದವರು. ಮನೆಯಿಂದ ಮೆಟ್ರೊನೋಮ್, ಟಿಕ್ ಟಿಕ್ ಎಂದು ತಾಳ ಹಿಡಿಯುವ ಯಂತ್ರ, ತಂದಿಟ್ಟ. 12 ಫ್ರೇಮಿಗೆ ಒಂದು ಪೆಟ್ಟು ಎಂದರೆ ನಿಮಿಷಕ್ಕೆ 120 ಪೆಟ್ಟು, ಕವಾಯತಿನ ನಡಿಗೆ. 8ಕ್ಕೆ ಒಂದಾದರೆ 180, ಓಟ. ಈ ಲೆಕ್ಕ ಇವತ್ತಿಗೂ ನಮ್ಮ ಬಾಯಲ್ಲಿದೆ. ‘ಇದು ಹನ್ನೆರಡರ ನಡಿಗೆ, ಹತ್ತಕ್ಕೆ ಇಳಿಸು’ ಎಂದರೆ ಯಾವ ಅನಿಮೇಟರಿಗೂ ಬಿಡಿಸಿ ಹೇಳಬೇಕಿಲ್ಲ.

ಮೊದಲ ಪರೀಕ್ಷೆ ನಡೆದದ್ದು ತಂಡದವರ ಹೆಂಡತಿಯರನ್ನು ಕೂರಿಸಿಕೊಂಡು. ಪರದೆಯ ಹಿಂದೆ ಜಾಕ್ಸನ್ ಮೌತ್ ಆರ್ಗನ್ ಊದಿದ, ಉಳಿದವರು ಕೈಗೆ ಸಿಕ್ಕಿದ್ದನ್ನು ಬಡಿದರು. ನ್ಯೂಯಾರ್ಕಿನಲ್ಲಿ ವಾದ್ಯವೃಂದ ಇಟ್ಟು ರೆಕಾರ್ಡ್ ಮಾಡಿದಾಗ ಮೊದಲ ಸಲ ಚಿತ್ರಕ್ಕೂ ಸಂಗೀತಕ್ಕೂ ತಾಳೆಯಾಗಲಿಲ್ಲ, ದುಡ್ಡು ನೀರಿಗೆ ಹೋಯಿತು. ಡಿಸ್ನಿ ಕಾರು ಮಾರಿ ಎರಡನೇ ಸಲಕ್ಕೆ ಹಣ ಹೊಂದಿಸಿದ. ಈ ಸಲ ಫಿಲ್ಮಿನ ಮೇಲೆಯೇ ಒಂದು ಚೆಂಡು ಪುಟಿಯುವಂತೆ ಮಾಡಿದರು, ಸಂಗೀತ ನಿರ್ದೇಶಕ ಅದನ್ನು ನೋಡಿಕೊಂಡು ಕೋಲು ಬೀಸಿದ. ನವೆಂಬರ್ 18ರಂದು ಚಿತ್ರ ತೆರೆಗೆ ಬಂತು.

ಇದರ ಪರಿಣಾಮ ಚಿತ್ರದ ಮೇಲೆ ಏನಾಯಿತು ನೋಡಿ. ಆಗಿನ ಪಾತ್ರಗಳ ಕೈಕಾಲು ಮೂಳೆಯಿಲ್ಲದ ರಬ್ಬರ್ ಕೊಳವೆಗಳು. ತಾಳಕ್ಕೆ ಸಿಕ್ಕಿದ ಮೇಲೆ ಅವು ಸುಮ್ಮನೆ ನಿಲ್ಲುವುದನ್ನೇ ಮರೆತವು. ನಿಂತರೂ ಮಂಡಿ ಕುಪ್ಪಳಿಸಬೇಕು. ಹಡಗಿನ ಹೊಗೆಕೊಳವೆ ಕುಣಿಯಬೇಕು. ಹಸುವಿನ ಹಲ್ಲು ವಾದ್ಯವಾಗಬೇಕು. ಮರುವರ್ಷ ಸಂಗೀತಗಾರ ಕಾರ್ಲ್ ಸ್ಟಾಲಿಂಗ್ ಸೂಚನೆಯ ಮೇರೆಗೆ ಬಂದ ಅಸ್ಥಿಪಂಜರಗಳ ಕುಣಿತದಲ್ಲಂತೂ ಸಂಗೀತ ಮೊದಲು, ಚಿತ್ರ ಆಮೇಲೆ. 30ರ ದಶಕದ ಆ ದುಂಡುದುಂಡು ಕುಪ್ಪಳಿಕೆಯನ್ನು ಯಾರೋ ಚಿತ್ರಕಾರನ ಅಭಿರುಚಿ ಎಂದು ತಿಳಿಯಬೇಡಿ. ಅದು ಮೆಟ್ರೊನೋಮಿನ ಕೂಸು.

ಹೆಜ್ಜೆಗೆ ಹೆಜ್ಜೆ, ಕಣ್ಣು ಮಿಟುಕಿಸಿದರೂ ಒಂದು ಸ್ವರ ಎನ್ನುವ ಈ ಪದ್ಧತಿಗೆ ‘ಮಿಕ್ಕಿ ಮೌಸಿಂಗ್’ ಎಂಬ ಹೆಸರು ಬಂತು, ಬರಬರುತ್ತಾ ಅದು ಬೈಗುಳವೂ ಆಯಿತು. ನನಗೆ ಅದರ ಮೇಲೆ ಅಷ್ಟು ಸಿಟ್ಟಿಲ್ಲ. ಯಕ್ಷಗಾನ ನೋಡಿ ಬೆಳೆದವರಿಗೆ ಚೆಂಡೆಯ ಪೆಟ್ಟಿಗೂ ವೇಷದ ಹೆಜ್ಜೆಗೂ ಗಂಟು ಬಿದ್ದಿರುವುದು ತಪ್ಪೆನಿಸುವುದು ಹೇಗೆ? ಆದರೆ ಅಲ್ಲಿ ಭಾಗವತರಿಗೆ ಎಲ್ಲಿ ಸುಮ್ಮನಿರಬೇಕು ಎನ್ನುವುದೂ ಗೊತ್ತಿರುತ್ತದೆ.

ಸುಮ್ಮನಿರುವುದನ್ನು ಕಾರ್ಟೂನಿಗೆ ಕಲಿಸಿದವರು ವಾರ್ನರ್ ಸ್ಟುಡಿಯೊದವರು. ಸಂಗೀತ ಅದೇ ಸ್ಟಾಲಿಂಗ್‌ನದು, 1936ರಿಂದ 1958ರವರೆಗೆ. ಸದ್ದುಗಳು ಟ್ರೆಗ್ ಬ್ರೌನ್‌ನವು. 1949ರಲ್ಲಿ ಶುರುವಾದ ರೋಡ್ ರನ್ನರ್ ಸರಣಿಯಲ್ಲಿ ಓಡುವ ಹಕ್ಕಿಯನ್ನು ಅಟ್ಟುವ ತೋಳ ಬಂಡೆಯ ತುದಿಯಿಂದ ಬೀಳುವುದನ್ನು ನೂರು ಸಲ ನೋಡಿರುತ್ತೀರಿ. ಇನ್ನೊಂದು ಸಲ ಕಣ್ಣು ಮುಚ್ಚಿಕೊಂಡು ಕೇಳಿ. ಗಾಳಿಯಲ್ಲಿ ನಿಂತಾಗ ಏನೂ ಇಲ್ಲ. ಬೀಳುವಾಗ ಸಿಳ್ಳಿನಂಥ ಸದ್ದು ಇಳಿಯುತ್ತಾ ಹೋಗುತ್ತದೆ. ಆಮೇಲೆ ಒಂದು ಕ್ಷಣ ಮೌನ. ಕೊನೆಗೆ ಎಲ್ಲೋ ಪಾತಾಳದಲ್ಲಿ ಒಂದು ಸಣ್ಣ ‘ಪುಸ್’. ಚಿತ್ರದಲ್ಲಿ ಇರುವುದು ಚುಕ್ಕೆಯಷ್ಟು ತೋಳ ಮತ್ತು ಒಂದು ಚಿಟಿಕೆ ಧೂಳು ಅಷ್ಟೆ. ಕಣಿವೆಯ ಆಳ ಪೂರ್ತಿ ಕಿವಿಯದು. ಆ ಹಕ್ಕಿಯ ‘ಬೀಪ್ ಬೀಪ್’ ಕೂಡ ಯಾವ ಕಂಠದಾನ ಕಲಾವಿದನದೂ ಅಲ್ಲ, ಹಿನ್ನೆಲೆಯ ಚಿತ್ರ ಬರೆಯುತ್ತಿದ್ದ ಪಾಲ್ ಜೂಲಿಯನ್‌ನದು.

1950ರಲ್ಲಿ ಯುಪಿಎ ಎಂಬ ಸಣ್ಣ ಸ್ಟುಡಿಯೊ ಒಂದು ಹುಡುಗನ ಕಥೆ ಮಾಡಿತು. ಬಾಯಿ ತೆರೆದರೆ ಮಾತಿನ ಬದಲು ‘ಬೋಯಿಂಗ್ ಬೋಯಿಂಗ್’ ಎಂದು ಸದ್ದು ಮಾಡುವ ಜೆರಾಲ್ಡ್. ಅದಕ್ಕೆ ಆಸ್ಕರ್ ಬಂತು. ಅದರಲ್ಲಿ ಗೋಡೆಯಿಲ್ಲ, ನೆಲದ ಗೆರೆಯಿಲ್ಲ, ಚಪ್ಪಟೆ ಬಣ್ಣದ ಮೇಲೆ ಒಂದು ಕುರ್ಚಿ, ಒಂದು ದೀಪ. ಇಷ್ಟು ಕಡಿಮೆ ಬರೆದರೂ ಮನೆ ಮನೆಯಂತೆಯೇ ಅನಿಸುತ್ತದೆ, ಯಾಕೆಂದರೆ ಉಳಿದದ್ದನ್ನು ಸದ್ದು ಕಟ್ಟುತ್ತದೆ. ಚಿತ್ರ ಬಡವಾದಷ್ಟೂ ನಮ್ಮ ವಿಭಾಗಕ್ಕೆ ಕೆಲಸ ಹೆಚ್ಚು ಎಂಬ ಸೂತ್ರ ಶುರುವಾದದ್ದು ಹೀಗೆ. ಅಲ್ಲಿ ಅದು ಕಲೆ. ಟಿವಿಗೆ ಬರುವಷ್ಟರಲ್ಲಿ ಅದೇ ಮಿತವ್ಯಯ.

1957ರಲ್ಲಿ ಸ್ವಂತ ಕಂಪನಿ ತೆರೆದ ಹ್ಯಾನಾ ಮತ್ತು ಬಾರ್ಬೆರಾ ಯೋಗಿ ಕರಡಿಗೆ ಟೈ ಕಟ್ಟಿದ್ದು ಶೋಕಿಗಲ್ಲ. ಕತ್ತಿನ ಹತ್ತಿರ ಗೆರೆ ಮುಚ್ಚಿದರೆ ದೇಹವನ್ನು ಹಾಗೇ ಬಿಟ್ಟು ತಲೆ ಮಾತ್ರ ಬರೆದರೆ ಸಾಕು. ಓಡುವ ಮುಂಚೆ ಕಾಲುಗಳು ಗಾಳಿಯಲ್ಲಿ ಚಕ್ರವಾಗುವಾಗ ಬಾಂಗೋ ಬಡಿತ. ಡಿಕ್ಕಿ ಹೊಡೆಯುವುದನ್ನು ಬರೆಯುವುದೇ ಇಲ್ಲ. ಪಾತ್ರ ಫ್ರೇಮಿನಿಂದ ಹೊರಗೆ ಓಡುತ್ತದೆ, ಧಡಾರ್ ಎಂಬ ಸದ್ದು, ಚಿತ್ರ ಒಂದಿಷ್ಟು ಅಲುಗುತ್ತದೆ, ಮುಗಿಯಿತು. ಇದನ್ನು ‘ಚಿತ್ರಸಹಿತ ರೇಡಿಯೊ’ ಎಂದು ರೋಡ್ ರನ್ನರ್ ನಿರ್ದೇಶಕ ಚಕ್ ಜೋನ್ಸ್ ಹಂಗಿಸಿದ್ದುಂಟು. ಹಂಗಿಸಲಿ. ತಿಂಗಳ ಕೊನೆಗೆ ಎಪಿಸೋಡ್ ಕೊಡಬೇಕಾದ ನಾವೆಲ್ಲ ಆ ಧಡಾರಿನ ಋಣದಲ್ಲಿದ್ದೇವೆ. ಜಪಾನಿನಲ್ಲಿ ಒಸಾಮು ತೆಜುಕಾ 1963ರ ಜನವರಿ 1ರಂದು ‘ಆಸ್ಟ್ರೋ ಬಾಯ್’ ಶುರು ಮಾಡಿದಾಗ ಒಂದು ಚಿತ್ರವನ್ನು ಮೂರು ಫ್ರೇಮ್ ಹಿಡಿದು ನಿಲ್ಲಿಸಿದ, ಸೆಕೆಂಡಿಗೆ ಎಂಟೇ ಚಿತ್ರ. ಆ ರೋಬೋ ಹುಡುಗ ನಡೆದರೆ ಬರುವ ಪುಟ್ಟ ಎಲೆಕ್ಟ್ರಾನಿಕ್ ಹೆಜ್ಜೆಸದ್ದು ಮಾತ್ಸುವೊ ಓನೊ ಮಾಡಿದ್ದು. ಕಾಲು ನೆಲಕ್ಕೆ ತಾಗಿತೋ ಇಲ್ಲವೋ ಎಂದು ಅನುಮಾನ ಬರುವಲ್ಲೆಲ್ಲ ಆ ಸದ್ದು ಬಂದು ತಾಗಿಸಿಬಿಡುತ್ತದೆ.

ನಮ್ಮಲ್ಲಿ 1956ರಲ್ಲಿ ಡಿಸ್ನಿಯ ಕ್ಲೇರ್ ವೀಕ್ಸ್ ಮುಂಬಯಿಯ ಫಿಲ್ಮ್ಸ್ ಡಿವಿಜನ್ನಿಗೆ ಬಂದು ಕಲಿಸಿದ್ದು ಪುಸ್ತಕಗಳಲ್ಲಿ ಸಿಗುತ್ತದೆ. ನನ್ನ ವಯಸ್ಸಿನವರ ಕಿವಿಯಲ್ಲಿ ಉಳಿದಿರುವುದು ದೂರದರ್ಶನದ ‘ಏಕ್ ಅನೇಕ್ ಔರ್ ಏಕ್ತಾ’. ವಿಜಯಾ ಮುಳೆ ನಿರ್ದೇಶಿಸಿದ 1974ರ ಚಿತ್ರ, ಭೀಮ್‌ಸೇನ್ ಅನಿಮೇಷನ್, ವಸಂತ ದೇಸಾಯಿ ಸಂಗೀತ. ಹಿಂದಿ ಒಂದಕ್ಷರ ಬಾರದ ನಾವು ಅದನ್ನು ಪೂರ್ತಿ ಹಾಡುತ್ತಿದ್ದೆವು. ಚಲನೆ ತೀರಾ ಕಡಿಮೆ, ಹಕ್ಕಿಗಳು ಬಲೆ ಹೊತ್ತು ಹಾರುವಾಗಲೂ ಅಷ್ಟೇ. ಅದನ್ನು ಎತ್ತಿ ಹಾರಿಸಿದ್ದು ಹಾಡು.

ಒಂದು ಕವಲುದಾರಿ ಹೇಳದೆ ಮುಂದೆ ಹೋಗಲಾರೆ. ಫಿಲ್ಮಿನ ಅಂಚಿನಲ್ಲಿ ಧ್ವನಿಗೆಂದೇ ಒಂದು ಸಣ್ಣ ಪಟ್ಟಿ ಇರುತ್ತಿತ್ತು. ಅದರ ಮೇಲಿನ ಕಪ್ಪು-ಬಿಳುಪಿನ ಏರಿಳಿತವನ್ನು ಪ್ರೊಜೆಕ್ಟರಿನ ಬೆಳಕು ಓದಿ ಸದ್ದು ಮಾಡುತ್ತಿತ್ತು. ಕೆನಡಾದ ನಾರ್ಮನ್ ಮೆಕ್ಲಾರೆನ್, ಚಿತ್ರವನ್ನು ಫಿಲ್ಮಿನ ಮೇಲೆಯೇ ಬರೆಯುತ್ತಿದ್ದ ಪುಣ್ಯಾತ್ಮ, ಈ ಪಟ್ಟಿಯ ಮೇಲೂ ಬರೆದ. ಗೆರೆ ಹತ್ತಿರ ಹತ್ತಿರ ಎಳೆದರೆ ಸ್ವರ ಏರುತ್ತದೆ, ದೂರ ಎಳೆದರೆ ಇಳಿಯುತ್ತದೆ. 1971ರ ‘ಸಿಂಕ್ರೊಮಿ’ಯಲ್ಲಿ ಆ ಧ್ವನಿಪಟ್ಟಿಯ ಆಕಾರಗಳನ್ನೇ ಬಣ್ಣ ಹಾಕಿ ತೆರೆಯ ಮೇಲೆ ತಂದ. ಕೇಳುವುದೂ ನೋಡುವುದೂ ಒಂದೇ ಗೆರೆ. ನನ್ನ ವೃತ್ತಿಯಲ್ಲಿ ನನಗೆ ಹೊಟ್ಟೆಕಿಚ್ಚು ಬರಿಸುವ ಮನುಷ್ಯ ಅವನೊಬ್ಬನೇ.

ಈಚಿನದಕ್ಕೆ ಬರೋಣ. ಕಂಪ್ಯೂಟರ್ ಬಂದ ಮೇಲೆ ಚಿತ್ರ ಎಷ್ಟು ಬೇಕಾದರೂ ನುಣುಪಾಗಬಹುದು. ನುಣುಪು ಸಾಕಾದವರು 2018ರ ಸ್ಪೈಡರ್ ಮ್ಯಾನ್ ಅನಿಮೇಷನ್‌ನಲ್ಲಿ ಬೇಕೆಂದೇ ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದು ನಿಲ್ಲಿಸಿದರು, ಅಚ್ಚಿನ ಚುಕ್ಕೆಗಳನ್ನೂ ಜಾರಿದ ಬಣ್ಣವನ್ನೂ ತಂದರು. ಜಪಾನಿನ ನಿರ್ದೇಶಕ ಮಿಯಾಝಾಕಿ 2013ರ ‘ದಿ ವಿಂಡ್ ರೈಸಸ್’ನಲ್ಲಿ ಇನ್ನೂ ಹಿಂದಕ್ಕೆ ಹೋದರು. ವಿಮಾನದ ಎಂಜಿನ್, 1923ರ ಭೂಕಂಪದ ಗುಡುಗು, ಎಲ್ಲ ಮನುಷ್ಯರು ಬಾಯಿಂದ ಮಾಡಿದ ಸದ್ದು. ಅದೂ ಮೋನೊ, ಒಂದೇ ಚಾನೆಲ್. ನೆಲ ಅಲೆಯಾಗಿ ಏಳುವಾಗ ಯಾವುದೋ ಪ್ರಾಣಿ ನರಳಿದಂತಿರುತ್ತದೆ. ಕೈಯಲ್ಲಿ ಬರೆದ ಭೂಮಿಗೆ ಬಾಯಿಯ ಸದ್ದೇ ಸರಿ ಎಂದು ಅವರಿಗೆ ಅನಿಸಿರಬೇಕು. ಲಾಟ್ವಿಯಾದ ‘ಫ್ಲೋ’ (2024) ಮಾತೇ ಇಲ್ಲದ ಚಿತ್ರ, ನಿಜವಾದ ಪ್ರಾಣಿಗಳ ದನಿ. ಆದರೆ ಅದರಲ್ಲಿನ ಕ್ಯಾಪಿಬಾರಾ ಎಂಬ ಇಲಿಯ ಜಾತಿಯ ದೊಡ್ಡ ಪ್ರಾಣಿಗೆ ಕ್ಯಾಪಿಬಾರಾದ ದನಿ ಹೊಂದಲಿಲ್ಲ. ತೀರಾ ಕೀಚಲು. ಒಂಟೆಮರಿಯ ದನಿ ಹಾಕಿದರು.

ಕನ್ನಡದಲ್ಲಿ ಡಬ್ಬಿಂಗ್ ಮಾಡುವಾಗ ನಮ್ಮದೇ ಒಂದು ತಾಪತ್ರಯವಿದೆ. ಇಂಗ್ಲಿಷ್ ಮಾತು ಬಾಯಿ ಮುಚ್ಚಿ ಮುಗಿಯುವುದು ಹೆಚ್ಚು: ಸ್ಟಾಪ್, ಕಮ್, ಹೆಲ್ಪ್. ನಮ್ಮ ಮಾತುಗಳೆಲ್ಲ ಸ್ವರದಲ್ಲಿ ಮುಗಿಯುತ್ತವೆ: ನಿಲ್ಲು, ಬಾ, ಕಾಪಾಡಿ. ಪಾತ್ರದ ತುಟಿ ಮುಚ್ಚಿದ ಮೇಲೂ ನಮ್ಮ ಕೊನೆಯ ‘ಉ’ಕಾರ ಗಾಳಿಯಲ್ಲಿ ನೇತಾಡುತ್ತದೆ. ಇದಕ್ಕೆ ನಾವು ಕಂಡುಕೊಂಡ ಮದ್ದು ಅಪ್ಪ, ಅಮ್ಮ. ‘ಸ್ಟಾಪ್’ಗೆ ‘ನಿಲ್ಲು’ ಬದಲು ‘ನಿಲ್ಲಪ್ಪ’ ಎಂದರೆ ‘ಪ್ಪ’ ಬರುವಲ್ಲಿ ತುಟಿ ಸರಿಯಾಗಿ ಮುಚ್ಚುತ್ತದೆ, ಕೊನೆಯ ಅಕಾರವನ್ನು ನುಂಗಿದರೂ ಯಾರಿಗೂ ತಿಳಿಯದು. ‘ಕಮ್’ಗೆ ‘ಬಾರಮ್ಮ’. ಡಬ್ ಆದ ಕಾರ್ಟೂನುಗಳಲ್ಲಿ ಎಲ್ಲರೂ ಯಾಕಿಷ್ಟು ಅಕ್ಕರೆಯಿಂದ ಮಾತಾಡುತ್ತಾರೆ ಎಂದು ಗೆಳೆಯರೊಬ್ಬರು ಕೇಳಿದ್ದರು. ಅಕ್ಕರೆಯಲ್ಲ ಸ್ವಾಮಿ, ಲಿಪ್ ಸಿಂಕ್.

ಹೋದ ವರ್ಷ ಮಕ್ಕಳ ಕಿರುಚಿತ್ರವೊಂದಕ್ಕೆ ಮಲೆನಾಡಿನ ತೋಟದಲ್ಲಿ ಹಲಸಿನಹಣ್ಣು ಬೀಳುವ ಶಾಟ್ ಬಂತು. ಆ ಕಡೆ ಗಟ್ಟಿ ತೊಳೆಯ ಹಲಸಿಗೆ ಬಕ್ಕೆ ಎನ್ನುತ್ತಾರೆ, ಮೆತ್ತಗಿನದಕ್ಕೆ ಅಂಬಲಿ. ಬಿದ್ದ ಕೂಡಲೇ ಹಣ್ಣು ಸ್ವಲ್ಪ ಒಡೆಯುತ್ತದೆ, ಅಷ್ಟೇ, ಒಂದೂವರೆ ಸೆಕೆಂಡು. ಅವಸರದಲ್ಲಿ ಲೈಬ್ರರಿಯಿಂದ ಒಂದು ಸದ್ದು ಎತ್ತಿ ಹಾಕಿದ್ದೆ. ನಿರ್ದೇಶಕಿಯ ತಾಯಿ ತೀರ್ಥಹಳ್ಳಿ ಕಡೆಯವರು, ನೋಡಿ ‘ತೆಂಗಿನಕಾಯಿ ಬಿದ್ದಂಗಾಯ್ತಲ್ಲ’ ಎಂದರು. ಮಾನ ಹೋಯಿತು. ಅವರ ತೋಟಕ್ಕೇ ಹೋಗಿ ನಿಜವಾದ ಹಣ್ಣು ಬೀಳಿಸಿ ರೆಕಾರ್ಡ್ ಮಾಡಿಕೊಂಡು ಬಂದೆವು. ಚಿತ್ರಕ್ಕೆ ಹಾಕಿದರೆ ದಿಂಬು ಬಿದ್ದ ಹಾಗಿತ್ತು. ಕೊನೆಗೆ ಒದ್ದೆ ಗೋಣಿಚೀಲವನ್ನು ನೆಲಕ್ಕೆ ಒಗೆದ ‘ದೊಪ್’, ಅದರ ಮೇಲೆ ಬಾಳೆದಿಂಡು ಸೀಳಿದ ಸದ್ದು, ಬೀಳುವುದಕ್ಕೆ ಆರು ಫ್ರೇಮ್ ಮುಂಚೆ ಒಣ ಎಲೆಗಳ ಸರಸರ. ಅದನ್ನು ಕೇಳಿದ ಅನಿಮೇಟರ್ ಹುಡುಗಿ ತಾನಾಗಿಯೇ ನಾಲ್ಕು ಚಿತ್ರ ಹೆಚ್ಚು ಬರೆದಳು: ಬಿದ್ದ ಜಾಗದಿಂದ ತರಗೆಲೆ ಏಳುವುದು. ಹಣ್ಣಿನ ಗೆರೆ ಒಂದನ್ನೂ ಮುಟ್ಟಲಿಲ್ಲ.

ತಾಯಿ ಮತ್ತೆ ನೋಡಿದರು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಮಗಳ ಕಡೆ ತಿರುಗಿ, ‘ಕಥೇಲಿ ಬಕ್ಕೆ ಹಲಸು ಅಂತ ಬರ್ದಿದೀಯಲ್ಲೇ, ಇದು ಅಂಬಲಿ ಹಣ್ಣು ಒಡೆದ ಸದ್ದು’ ಎಂದರು.