ಚಾಂಪಿಯನ್ ರೀಫ್‌ನಲ್ಲಿ ಕಂಡ ಗೆರೆಗಳು

ವಾತಾವರಣದಲ್ಲಿ ಹುಟ್ಟುವ, ಬಹುತೇಕ ಯಾವುದಕ್ಕೂ ತಾಗದೆ ಹಾದುಹೋಗುವ ನ್ಯೂಟ್ರಿನೊ ಕಣಗಳ ಮೊದಲ ಸುಳಿವುಗಳಲ್ಲಿ ಒಂದು ಸಿಕ್ಕಿದ್ದು 1965ರಲ್ಲಿ, ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯ ಸುಮಾರು 2.3 ಕಿ.ಮೀ. ಆಳದಲ್ಲಿ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಸಿಟಿ ಮತ್ತು ಡರ್ಹ್ಯಾಮ್ ವಿಶ್ವವಿದ್ಯಾಲಯಗಳು ಸೇರಿ ನಡೆಸಿದ ಪ್ರಯೋಗವದು. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅದಕ್ಕೂ ಮುಂಚೆ, 1950ರ ದಶಕದಲ್ಲೇ, ಈ ಗಣಿಗಿಳಿದು ಬೇರೆಬೇರೆ ಆಳಗಳಲ್ಲಿ, ವಾತಾವರಣದಿಂದ ಇಳಿದುಬರುವ ಕಣಗಳಾದ ಮ್ಯುವಾನ್‌ಗಳನ್ನು ಎಣಿಸಿದ್ದರು.

ಆಮೇಲೆ ಅಲ್ಲಿ ಯಾರೂ ನಿರೀಕ್ಷಿಸದ ಕೆಲವು ಘಟನೆಗಳು ದಾಖಲಾದವು. ನ್ಯೂಟ್ರಿನೊ ಬಡಿದರೆ ಸಾಮಾನ್ಯವಾಗಿ ಬಂಡೆಗೋ ಪತ್ತೆಯಂತ್ರದ ಕಬ್ಬಿಣಕ್ಕೋ ಬಡಿಯುತ್ತದೆ, ಹೊಸ ಕಣಗಳ ಜಾಡು ಅಲ್ಲಿಂದ ಶುರುವಾಗುತ್ತದೆ. ಇಲ್ಲಿ ಎರಡು ಮೂರು ಕಣಗಳ ಜಾಡುಗಳನ್ನು ಹಿಂದಕ್ಕೆ ಎಳೆದು ನೋಡಿದರೆ ಅವು ಕೂಡುತ್ತಿದ್ದದ್ದು ಬರೀ ಗಾಳಿಯಲ್ಲಿ! 1975ರಲ್ಲಿ ತಂಡ ಇದನ್ನು ಹೊಸ ಕಣವೊಂದರ ಕುರುಹಿರಬಹುದೆಂದು ಪ್ರಕಟಿಸಿತು. ಕಣಗಳನ್ನು ಡಿಕ್ಕಿ ಹೊಡೆಸುವ ವೇಗವರ್ಧಕಗಳಲ್ಲಿ ಹುಡುಕಿದವರಿಗೆ ಅಂಥದ್ದೇನೂ ಸಿಗಲಿಲ್ಲ. ‘ಕೋಲಾರ ಘಟನೆಗಳು’ ಮೂಲೆ ಸೇರಿದವು.

ಇತ್ತ ಡಾರ್ಕ್ ಮ್ಯಾಟರ್, ಅಂದರೆ ಬೆಳಕು ಬೀರದೆ ಗುರುತ್ವದಿಂದಷ್ಟೇ ಗೊತ್ತಾಗುವ ದ್ರವ್ಯದ ಹುಡುಕಾಟ ಬೇರೆ ದಾರಿ ಹಿಡಿದಿತ್ತು. ಗೆಲಾಕ್ಸಿಗಳ ಗುಂಪಿನಲ್ಲಿ ಕಾಣದ ದ್ರವ್ಯವಿರಬೇಕೆಂದು 1933ರಲ್ಲಿ ಫ್ರಿಟ್ಜ್ ಜ್ವಿಕಿ ಹೇಳಿದ್ದರು; 1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ಗೆಲಾಕ್ಸಿಯ ತಿರುಗುವಿಕೆಯನ್ನು ಅಳೆದರು, ಅದೂ ಕಾಣದ ದ್ರವ್ಯದತ್ತಲೇ ಬೊಟ್ಟುಮಾಡಿತು. ನ್ಯೂಟ್ರಿನೊ ಪತ್ತೆಯಂತ್ರಗಳು ಈ ಕಥೆಗೆ ಬಂದದ್ದು 1985ರ ಸುಮಾರಿಗೆ. ಡಾರ್ಕ್ ಮ್ಯಾಟರ್ ಕಣಗಳು ಸೂರ್ಯನೊಳಗಿನ ಪ್ರೋಟಾನ್‌ಗಳಿಗೆ ತಾಗಿ ವೇಗ ಕಳೆದುಕೊಂಡು ಅಲ್ಲೇ ಸಿಕ್ಕಿಬೀಳುತ್ತವೆ, ಗರ್ಭದಲ್ಲಿ ಸೇರಿಕೊಂಡು ಒಂದನ್ನೊಂದು ಅಳಿಸಿಹಾಕುತ್ತವೆ, ಆಗ ಹೊರಗೆ ಪಾರಾಗಿ ಬರುವುದು ನ್ಯೂಟ್ರಿನೊ ಮಾತ್ರ ಎಂಬುದು ಆ ವಾದ. ಸೂರ್ಯನ ಮಾಮೂಲಿ ನ್ಯೂಟ್ರಿನೊಗಳಿಗಿಂತ ಇವುಗಳ ಶಕ್ತಿ ಎಷ್ಟೋ ಪಟ್ಟು ಹೆಚ್ಚು. ಕಂಡರೆ ಗುರುತು ತಪ್ಪುವಂತಿಲ್ಲ.

ಜಪಾನಿನ ಸೂಪರ್-ಕಮಿಯೊಕಾಂಡೆ ಪತ್ತೆಯಂತ್ರದ 50,000 ಟನ್ ನೀರಿನಲ್ಲಿ ಇವನ್ನು ಹುಡುಕಿದ್ದಾಯಿತು. ದಕ್ಷಿಣ ಧ್ರುವದ ಐಸ್‌ಕ್ಯೂಬ್ ಒಂದು ಘನ ಕಿ.ಮೀ. ಮಂಜುಗಡ್ಡೆಯಲ್ಲಿ 5,160 ಸಂವೇದಕಗಳನ್ನು ಇಳಿಬಿಟ್ಟಿದೆ. ಅಲ್ಲಿ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯ ದಿಗಂತದ ಕೆಳಗೇ ಇರುತ್ತಾನೆ. ಆಗ ಆ ದಿಕ್ಕಿನಿಂದ ಬರುವ ಮ್ಯುವಾನ್‌ಗಳನ್ನು ಭೂಮಿಯೇ ತಡೆಯುವುದರಿಂದ, ಕೆಳಗಿನಿಂದ ಮೇಲಕ್ಕೆ ಬರುವ ಜಾಡುಗಳನ್ನು ನಂಬಿಕೆಯಿಂದ ನೋಡಬಹುದು. ಇದುವರೆಗೆ ಸೂರ್ಯನ ಕಡೆಯಿಂದ ಹೆಚ್ಚುವರಿ ನ್ಯೂಟ್ರಿನೊ ಕಂಡಿಲ್ಲ. ಆದರೂ ಇದನ್ನು ಸೋಲೆನ್ನಲಾರೆ. ಡಾರ್ಕ್ ಮ್ಯಾಟರ್ ಪ್ರೋಟಾನಿನ ಸ್ಪಿನ್ (ತಿರುಗುವಿಕೆಯಂಥ ಒಂದು ಸಹಜ ಗುಣ) ಜೊತೆ ಎಷ್ಟರಮಟ್ಟಿಗೆ ವ್ಯವಹರಿಸಬಹುದು ಎಂಬುದಕ್ಕೆ ಅತಿ ಬಿಗಿಯಾದ ಮಿತಿಗಳಲ್ಲಿ ಕೆಲವು ಬಂದಿರುವುದು ಇಲ್ಲಿಂದಲೇ.

2014ರಲ್ಲಿ ಚೆನ್ನೈನ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಕೋಲಾರ ಘಟನೆಗಳನ್ನು ಮತ್ತೆ ಹೊರತೆಗೆದರು. ಡಾರ್ಕ್ ಮ್ಯಾಟರ್ ಕಣವೇ ಗಣಿಯ ಗಾಳಿಯಲ್ಲಿ ಒಡೆದಿರಬಹುದೇ ಎಂಬುದು ಅವರ ಪ್ರಶ್ನೆ. ಘಟನೆಗಳು ಬೆರಳೆಣಿಕೆಯಷ್ಟು, ಅನುಮಾನಕ್ಕೆ ಜಾಗ ಬೇಕಾದಷ್ಟಿದೆ. ಆದರೆ ಇದು ಪರೀಕ್ಷಿಸಿ ನೋಡಬಹುದಾದ ಪ್ರಶ್ನೆ, ಅದೇ ನನಗೆ ಮುಖ್ಯ. ಕಣ ತಾನಾಗಿ ಒಡೆಯುವುದಾದರೆ ಬಡಿಯಲು ಕಬ್ಬಿಣ ಬೇಡ, ದೊಡ್ಡ ಖಾಲಿ ಗುಹೆ ಸಾಕು, ಗೋಡೆಗೆ ಪತ್ತೆಯಂತ್ರ ಹೊದಿಸಿದರಾಯಿತು. ತೇಣಿ ಜಿಲ್ಲೆಯಲ್ಲಿ ಯೋಜಿಸಿದ್ದ ಭಾರತದ ನ್ಯೂಟ್ರಿನೊ ವೀಕ್ಷಣಾಲಯದ ಗುಹೆಗೆ ಈ ಲೆಕ್ಕ ಹಾಕಿಯೂ ಆಗಿತ್ತು. 2015ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕರೂ ಸ್ಥಳೀಯರ ಮತ್ತು ತಮಿಳುನಾಡು ಸರ್ಕಾರದ ವಿರೋಧದಿಂದ ಯೋಜನೆ ನಿಂತಿತು. ಕೆಜಿಎಫ್‌ ಗಣಿಗಳೋ 2001ರಲ್ಲೇ ಮುಚ್ಚಿವೆ.